ಎಡಗಡೆಯ ಹಲಗೆ

ಪುರಸಭೆಯ ಜವಾನ ಮಡಿವಾಳಪ್ಪ ಮೂರನೆಯ ಸಲ ಹೆಗಲು ಕೊಟ್ಟು ದೂಡಿದ. ಕೀಲಿ ತೆಗೆದಿದ್ದರೂ ಏಳನೆಯ ಮಳಿಗೆಯ ಬಾಗಿಲು ಕದಲಲಿಲ್ಲ. ಎಡಗಡೆಯ ಹಲಗೆಯನ್ನು ಮೊಣಕಾಲಿನಿಂದ ತುಸು ಎತ್ತಿ ಒತ್ತಿದರೆ ಸಾಕೆಂಬುದು ಮಳಿಗೆ ಹಿಡಿಯಲು ಬಂದು ಪಕ್ಕದಲ್ಲಿ ನಿಂತಿದ್ದ ಸಾವಂತ್ರವ್ವನಿಗೆ ಗೊತ್ತಿತ್ತು. ಗಂಡ ಮಾನಪ್ಪ ಇದೇ ಮಳಿಗೆಯಲ್ಲಿ, ಬಿಸಿಲು ಬಾರದಂತೆ ಬಾಗಿಲು ಮುಚ್ಚಿಕೊಂಡು ಬಟ್ಟೆ ಹೊಲಿಯುತ್ತಿದ್ದ. ಆರು ವರ್ಷ ಒಂದು ಕೈಯಲ್ಲಿ ಬುತ್ತಿ, ಇನ್ನೊಂದರಲ್ಲಿ ನೀರಿನ ತಂಬಿಗೆ ಹಿಡಿದು ಅವಳು ಹಾಗೆಯೇ ಒಳಗೆ ಹೋಗಿದ್ದಳು.

ಅವನು ತೀರಿಕೊಂಡ ಮೇಲೆ ಮಳಿಗೆ ಖಾಲಿ ಬಿದ್ದಿತ್ತು. ಎಪ್ಪತ್ನಾಲ್ಕರ ಯುಗಾದಿಯಿಂದ ಪೇಟೆಯ ಖಾಲಿ ಮಳಿಗೆಗಳಿಗೆಲ್ಲ ಅರ್ಧ ಬಾಡಿಗೆ. ಆದರೆ ಅದು ಹೊಸದಾಗಿ ಧಂದೆ ಹೂಡುವವರಿಗಷ್ಟೇ, ಹಳೆಯ ಬಾಡಿಗೆದಾರರ ಮನೆಯವರಿಗಲ್ಲ. ಪೂರಾ ಬಾಡಿಗೆ ಕಟ್ಟುವುದು ಅವಳಿಂದಾಗದು. ಅರ್ಜಿಯಲ್ಲಿ ಗಂಡನ ಹೆಸರು ಬಿಟ್ಟು ತವರೂರು ಮೋರಟಗಿಯ ಅಪ್ಪನ ಹೆಸರು ಬರೆಸಿದ್ದಳು.

“ಇಲ್ಲಿ ಮೊದಲ ಯಾವನೋ ದರ್ಜಿ ಇದ್ನಂತಲ್ಲವಾ, ನಿಮಗೇನಾಗ್ಬೇಕು?” ಇಂಡಿಯಿಂದ ವರ್ಗವಾಗಿ ಬಂದಿದ್ದ ಗುಮಾಸ್ತ ಬಸಂತರಾಯ ಕೇಳಿದ.

“ಏನೂ ಆಗ್ಬೇಕಿಲ್ರಿ. ನಂದು ಹೊಸಾ ಅಂಗಡಿರಿ.”

ಮಡಿವಾಳಪ್ಪ ಅವಳ ಮುಖ ನೋಡಲಿಲ್ಲ. ಅವನ ಮೈಮೇಲಿನ ಖಾಕಿ ಅಂಗಿ ಮಾನಪ್ಪ ಹೊಲಿದದ್ದೇ.

“ಹಂಗಾರ ಒಡದು ಹಾಕೋ ಮಡಿವಾಳಪ್ಪ. ಯಾ ಪುಣ್ಯಾತ್ಮ ಕೂಡ್ಸ್ಯಾನೋ, ಮುನಿಸ್ಕೊಂಡ ಹೇಣ್ತಿಗತೆ ಕುಂತೈತಿ ಬಾಗಲಾ.”

ಮಡಿವಾಳಪ್ಪ ಹಾರೆ ಎತ್ತಿದ. ಸೀರೆಯೊಳಗೆ ಸಾವಂತ್ರವ್ವನ ಮೊಣಕಾಲು ತಾನಾಗಿ ಮೇಲೆದ್ದಿತು. ಅವಳು ಬಾಗಿ ಅದನ್ನು ಎರಡೂ ಕೈಯಿಂದ ಅದುಮಿ ಹಿಡಿದಳು. ಹಲಗೆ ಸೀಳುವವರೆಗೂ ಬಿಡಲಿಲ್ಲ.