ಸೀರಿಯಸ್ ಅಂದಿಲ್ಲ

ಫಿನಾಯಿಲ್ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನ ನೆನಪಾಗುತ್ತದೆ. ಹಿಂದಿನ ದಿನ ಶಹಾಬಾದಿನ ಕಲ್ಲಿನ ಖಣಿಯಲ್ಲಿ ಅಪ್ಪನ ಎದೆಯ ಮೇಲೆ ಫರಸಿ ಕಲ್ಲಿನ ಚಪ್ಪಡಿ ಬಿದ್ದಿತ್ತು. ದವಾಖಾನೆಯಲ್ಲಿ ಡಾಕ್ಟರು ಹೊರಗೆ ಬಂದು, "ಕ್ರಿಟಿಕಲ್ ಇದೆ" ಎಂದಷ್ಟೇ ಹೇಳಿ ಹೋದರು.

ಕಾಕಾ ನಿರಾಳವಾಗಿ ಉಸಿರು ಬಿಟ್ಟು ಅವ್ವನ ಕಡೆ ತಿರುಗಿದ. "ಸೀರಿಯಸ್ ಅಂದಿಲ್ಲ ನೋಡ್ರಿ ವೈನಿ. ಸೀರಿಯಸ್ ಅಂದ್ರ ಕೈ ಬಿಟ್ಟಂಗ. ಮಗ್ಗಲಮನಿ ಮುದುಕಗ ಹಂಗ ಅಂದಿದ್ರು, ಸಂಜಿಗಿ ಹೋದ."

ನಿನ್ನೆಯಿಂದ ನೀರೂ ಮುಟ್ಟದ ಅವ್ವ ಬುತ್ತಿಯ ಗಂಟು ಬಿಚ್ಚಿದಳು. ರೊಟ್ಟಿ ಮುರಿದು ನನ್ನ ಮುಖ ನೋಡಿದಳು.

"ಸಾಲಿ ಕಲ್ತಾಕಿ ನೀನು. ಸೀರಿಯಸ್‌ಗಿಂತ ಕಮ್ಮೀನ ಅಲ್ಲೇನವಾ ಅದು?"

ಕಮ್ಮಿಯಲ್ಲ, ಅದಕ್ಕಿಂತ ಕೆಟ್ಟದ್ದು ಎಂದು ನಮ್ಮ ಮನೆಯಲ್ಲಿ ತಿಳಿದವಳು ನಾನೊಬ್ಬಳೇ. ತುತ್ತು ಅವಳ ಕೈಯಲ್ಲೇ ಇತ್ತು.

"ಮೊದಲ ಉಣ್ಣವ್ವ," ಅಂದೆ.