ಇಟಲಿಯ ತಾಲೀಮು

ಫ್ರಿಜ್ಜಿನ ಬಾಗಿಲ ಮೇಲೊಂದು ಚಿತ್ರ. ಇಟಲಿಯ ಯಾವುದೋ ಸಣ್ಣ ಊರಿನ ಓಣಿ, ನಡುಮಧ್ಯಾಹ್ನ. ಕಾವಿ ಬಣ್ಣದ ಗೋಡೆಗಳ ಎತ್ತರದಲ್ಲಿ ಹಸಿರು ಕಿಟಕಿಗಳು ಮಂಪರು ಹತ್ತಿದ ಕಣ್ಣುಗಳಂತೆ ಅರೆಮುಚ್ಚಿವೆ. ಅಂಗಡಿಯೊಂದು ಬಾಗಿಲು ಹಾಕಿಕೊಂಡಿದೆ. ಅದರ ಮುಂದಿನ ನೆರಳಿನಲ್ಲಿ ಎರಡು ಬೆತ್ತದ ಕುರ್ಚಿ. ಒಂದರ ಮೇಲೆ ಮಡಿಸಿಟ್ಟ ಪತ್ರಿಕೆ, ಇನ್ನೊಂದರ ಮೇಲೆ ದಾರಿ ತಪ್ಪಿ ಬಂದ ಬಿಸಿಲಿನ ತುಣುಕು. ಮನುಷ್ಯರಿಲ್ಲ. ಎಲ್ಲರೂ ಒಳಗೆ ಊಟಕ್ಕೆ ಕೂತಿರಬೇಕು. ಏಳುವ ಅವಸರ ಯಾರಿಗೂ ಇದ್ದಂತಿಲ್ಲ.

ಹಲ್ಲಿನ ಡಾಕ್ಟರ ಹಳೆಯ ಕ್ಯಾಲೆಂಡರಿನಿಂದ ವಸುಧಾ ಕತ್ತರಿಸಿ ತಂದ ಚಿತ್ರ ಅದು. ಅದನ್ನು ಹಿಡಿದಿಟ್ಟ ಅಯಸ್ಕಾಂತಕ್ಕೆ ಶಕ್ತಿ ಸಾಲದು. ಮಗಳು ಇಂಚರಾ ಬಂದು ಹೋಗುವಾಗಲೆಲ್ಲ ಮುಂಬಾಗಿಲನ್ನು ಎಳೆದು ಬಡಿಯುವ ರಭಸಕ್ಕೆ ಚಿತ್ರ ಜಾರಿ ಬೀಳುತ್ತಿತ್ತು. ವಸುಧಾ ಮತ್ತೆ ಎತ್ತಿ ಅಂಟಿಸುತ್ತಿದ್ದಳು. ಗಂಡನನ್ನು ಕಳೆದುಕೊಂಡು ಒಬ್ಬಳೇ ಬದುಕಿದ ವರ್ಷಗಳೆಲ್ಲ ಹಾಗೆಯೇ ಸಾಗಿದ್ದವು. ಕಳೆದ ತಿಂಗಳು, ಅರವತ್ತು ದಾಟಿದ ಮೇಲೆ, ಅವಳು ತನ್ನಂತೆಯೇ ಒಂಟಿಯಾಗಿದ್ದ ಜಯರಾಮರನ್ನು ದೇವಸ್ಥಾನದಲ್ಲಿ ಮದುವೆಯಾದಳು. ಸೋಮವಾರ ಇಬ್ಬರೂ ಅಂಥದೇ ಒಂದು ಊರಿಗೆ ಹನಿಮೂನಿಗೆ ಹೊರಟಿದ್ದರು. ಅಮೆರಿಕದ ಕ್ಯುಪರ್ಟಿನೋದ ಆ ಪುಟ್ಟ ಅಡುಗೆಮನೆಯಲ್ಲಿ ಈಗ ನಡೆಯುತ್ತಿದ್ದುದು ಅಲ್ಲಿನ ನಿಧಾನದ ಊಟದ ತಾಲೀಮು.

"ರೀ, ನೀವು ಊಟ ಮಾಡ್ತಿದ್ದೀರೋ, ಫ್ಲೈಟ್ ಹಿಡೀತಿದ್ದೀರೋ?"

"ಆಗೋಯ್ತಾ?" ಜಯರಾಮ್ ತಮ್ಮ ಖಾಲಿ ತಟ್ಟೆ ನೋಡಿ ತಾವೇ ಬೆರಗಾದರು. "ಏನ್ ಮಾಡ್ಲಿ, ಸರ್ವೀಸೆಲ್ಲಾ ಒಂದು ಕೈ ಕೀಬೋರ್ಡ್ ಮೇಲಿಟ್ಟೇ ತಿಂದವನು."

"ಇನ್ನೊಂದ್ಸಲ. ಕೋಸಂಬರಿಯಿಂದ ಶುರು. ಅದಾದ್ಮೇಲೆ ಸುಮ್ನೆ ಕೂತಿರ್ಬೇಕು."

"ಸುಮ್ನೆ ಕೂತು ಏನ್ ಮಾಡೋದು?"

"ನನ್ನ ನೋಡೋದು."

ಜಯರಾಮರ ಕಿವಿ ಕೆಂಪೇರಿತು. ಅಷ್ಟರಲ್ಲಿ ಬಾಗಿಲು ಧಡಾರನೆ ತೆರೆದು ಇಂಚರಾ ಒಳಗೆ ನುಗ್ಗಿದಳು, ಕಾರಿನ ಕೀ ಕೈಯಲ್ಲೇ.

"ಸರ್‌ಪ್ರೈಸ್! ಅಮ್ಮಾ, ನಮ್ಮಿಬ್ರಿಗೂ ಲೀವ್ ಸಿಕ್ತು. ಟಿಕೆಟ್ಟೂ ಆಯ್ತು. ನಾನು, ಸುಮನ್, ಪುಟ್ಟಿ, ಎಲ್ಲಾ ಬರ್ತಿದೀವಿ!" ಗಂಡ, ಮಗಳ ಸಮೇತ ಹೊರಡುವ ಉಮೇದಿನಲ್ಲಿ ನಿಂತಲ್ಲೇ ಒಂದು ಚಮಚ ಕೋಸಂಬರಿ ಬಾಯಿಗೆ ಹಾಕಿಕೊಂಡಳು. "ಒಂದೇ ಊರಲ್ಲಿ ಅಷ್ಟು ದಿನ ಬೋರಾಗತ್ತೆ ನಿಮಗೆ. ರೋಮು, ಫ್ಲಾರೆನ್ಸು, ವೆನಿಸ್ಸು, ಮಿಲಾನು... ವ್ಯಾನ್ ಬುಕ್ ಮಾಡಿದೀನಿ. ಕಿಚನ್ ಇರೋ ಮನೇನೇ ಹುಡುಕಿದೀನಿ. ನೀನಿದ್ರೆ ಪುಟ್ಟಿ ಊಟದ ಚಿಂತೆ ಇಲ್ಲ. ಕುಕ್ಕರ್ ಒಂದು ಹಾಕ್ಕೋ, ಸಾಕು."

ಜಯರಾಮ್ ಹೆಂಡತಿಯ ಮುಖ ನೋಡಿದರು. ಇಂಚರಾಳ ಮನಸ್ಸು ಗೆಲ್ಲಲು ಒಂದು ತಿಂಗಳಿಂದ ಹೆಣಗುತ್ತಿದ್ದ ಅವರು, "ಬರ್ಲಿ ಬಿಡು, ಮಕ್ಕಳು ಆಸೆಪಟ್ಟಿದಾರೆ," ಎಂದರು. ಅವರ ಚಮಚ ಮಾತ್ರ ಬಾಯಿ ತಲುಪದೆ ಗಾಳಿಯಲ್ಲೇ ನಿಂತಿತ್ತು.

ಕುಕ್ಕರ್! ವಸುಧಾಳ ಮೊದಲ ಹನಿಮೂನಿಗೂ ಕುಕ್ಕರ್ ಬಂದಿತ್ತು. ಊಟಿಗೆ, ಮೆಟಡಾರ್ ವ್ಯಾನಿನಲ್ಲಿ. ಜೊತೆಗೆ ಅತ್ತೆ, ಮಾವ, ಓರಗಿತ್ತಿಯರು, ನಾದಿನಿಯ ಮಕ್ಕಳು. ಲಾಡ್ಜಿನ ಕೋಣೆಯಲ್ಲಿ ಸೀಮೆಎಣ್ಣೆ ಸ್ಟವ್ವಿನ ಮುಂದೆ ಕೂತು ಅಷ್ಟೂ ಜನಕ್ಕೆ ಚಿತ್ರಾನ್ನ ಕಲಸಿದ್ದು ಹೊಸ ಮದುಮಗಳೇ. ಊಟಿಯ ಕೆರೆಯನ್ನು ಅವಳು ಕಂಡದ್ದು ಪಾತ್ರೆ ತೊಳೆಯುತ್ತ, ಬಚ್ಚಲ ಕಿಟಕಿಯಿಂದ.

ಆಯುಷ್ಯದುದ್ದಕ್ಕೂ ಹೇಳಿ ರೂಢಿಯಾದ 'ಆಗಲಿ' ಗಂಟಲವರೆಗೆ ಬಂತು. ವಸುಧಾ ಅದನ್ನು ನುಂಗಿಕೊಂಡಳು.

"ಬೇಡ, ಇಂಚು."

"ಏನ್ ಬೇಡ, ಕುಕ್ಕರಾ?"

"ನೀವು ಬರೋದು ಬೇಡ. ಇದು ನನ್ನ ಹನಿಮೂನು ಕಣೇ." ದನಿ ನಡುಗಿತು; ಜೋಕಾಲಿ ಮೊದಲ ಸಲ ಮೇಲೇರುವಾಗಿನ ನಡುಕ ಅದು, ಹೆದರಿಕೆಗಿಂತ ಖುಷಿಯೇ ಹೆಚ್ಚು.

ಇಂಚರಾಳ ನಗು ಆರಿತು. "ನಾವೇನು ಹೊರಗಿನವರಾ ಅಮ್ಮಾ? ನಮ್ಮ ಹನಿಮೂನಿಗೆ ಸುಮನ್ ಅಮ್ಮ ಬರ್ಲಿಲ್ವಾ, ಹವಾಯಿಗೆ? ನೀನೇ ಹೇಳಿದ್ದು, ಪಾಪ, ಅಷ್ಟು ದೂರದಿಂದ ಬಂದಿದಾರೆ, ಕರ್ಕೊಂಡು ಹೋಗಿ ಅಂತ."

"ಹೇಳಿದ್ದೆ. ಹವಾಯಿಲಿ ನೀನು ಏನ್ ನೋಡ್ದೆ?"

"ಅತ್ತೆಗೆ ಮೊಸರು ಎಲ್ಲಿ ಸಿಗತ್ತೆ ಅಂತ ನೋಡ್ದೆ," ಎಂದ ಇಂಚರಾಳಿಗೆ ತಡೆಯಲಾಗದೆ ನಗು ಉಕ್ಕಿತು. ನಗುತ್ತ ನಗುತ್ತಲೇ ಕಣ್ಣು ಒರೆಸಿಕೊಂಡಳು.

ಜಯರಾಮ್ ಎದ್ದು ಅವಳಿಗೊಂದು ಕುರ್ಚಿ ಎಳೆದು ತಟ್ಟೆಯಿಟ್ಟರು. "ಕೂತ್ಕೋಮ್ಮಾ. ಕೋಸಂಬರಿಯಿಂದ ಶುರು. ಆಮೇಲೆ ಸುಮ್ನೆ ಕೂತಿರ್ಬೇಕು. ಕಷ್ಟ ಇದೆ, ನಾನಾಗ್ಲೇ ಫೇಲಾಗಿದೀನಿ."

ಇಂಚರಾ ಕಾರಿನ ಕೀಯನ್ನು ಮೇಜಿನ ಮೇಲಿಟ್ಟಳು. ಕೋಸಂಬರಿಯಾಯಿತು, ಮೌನವಾಯಿತು. ಸಾರು ಬಂತು, ಮಾತು ಬಂತು. ಬ್ಯಾಗಿನೊಳಗೆ ಫೋನು ರಿಂಗಾಗಿ ತಾನಾಗಿಯೇ ಸುಮ್ಮನಾಯಿತು. ಅರ್ಧ ಇಳಿಸಿದ ಕಿಟಕಿಪರದೆಯ ಕೆಳಗಿನಿಂದ ಬಂದ ಬಿಸಿಲು ಮೂವರ ತಟ್ಟೆಗಳನ್ನೂ ನಿಧಾನವಾಗಿ ದಾಟಿ ಹೋಯಿತು.

ಹೊರಡುವಾಗ ಇಂಚರಾ ಚಪ್ಪಲಿ ಮೆಟ್ಟುತ್ತ ಕೇಳಿದಳು: "ಟಿಕೆಟ್ ಕ್ಯಾನ್ಸಲ್ ಮಾಡ್ತೀನಿ. ನೀವು ವಾಪಸ್ ಬಂದ್ಮೇಲೆ ಪುಟ್ಟೀನ ಸ್ವಲ್ಪ ದಿನ ಇಟ್ಕೋತೀಯಾ ಅಮ್ಮಾ? ನಾನು, ಸುಮನ್... ಇಬ್ಬರೇ."

"ಎಲ್ಲಿಗೆ?"

ಇಂಚರಾ ಫ್ರಿಜ್ಜಿನತ್ತ ನೋಡಿದಳು. "ಗೊತ್ತಿಲ್ಲ. ಒಂದೇ ಊರು."

ಅವಳು ಹೊಸ್ತಿಲು ದಾಟುತ್ತಿದ್ದಂತೆ, ಬೀಳುವ ಚಿತ್ರವನ್ನು ಹಿಡಿಯಲು ವಸುಧಾ ಈ ಸಲ ಮೊದಲೇ ಅದರಡಿಗೆ ಅಂಗೈ ಚಾಚಿ ನಿಂತಳು. ಮಗಳ ಹಿಂದೆ ಬಾಗಿಲು ಮೆಲ್ಲನೆ ಮುಚ್ಚಿಕೊಂಡಿತು. ಚಿತ್ರ ಕದಲಲಿಲ್ಲ; ಅಂಗೈ ಖಾಲಿಯಾಗಿಯೇ ಉಳಿಯಿತು.