ಕರೆಂಟು ಹೋಗದ ಶನಿವಾರ

ಇಲಿ ಕಾಳಿನ ಬಟ್ಟಲಿಗೆ ಬೆನ್ನು ಹಾಕಿ ಕೂತು, ಬೋನಿನ ಬರಿಗೋಡೆಯನ್ನು ಮುಂಗಾಲಿನಿಂದ ಒತ್ತುತ್ತಲೇ ಇತ್ತು. ಅಲ್ಲಿದ್ದ ಗುಂಡಿಯನ್ನು ಪ್ರಯೋಗಶಾಲೆಯ ಸಹಾಯಕಿ ಸ್ವಪ್ನಾ ಬೆಳಗ್ಗೆಯಷ್ಟೇ ಕಿತ್ತಿದ್ದಳು. ಅದನ್ನು ಒತ್ತಿದರೆ ತಲೆಗೆ ಕೂರಿಸಿದ ಎಳೆತಂತಿಯಿಂದ ಮಿದುಳಿಗೆ ಸಣ್ಣ ಕರೆಂಟು ಹರಿಯುತ್ತಿತ್ತು. ಆ ಸುಖ ಎಂಥದ್ದೋ, ಹಸಿವನ್ನೂ ಮರೆಸುತ್ತಿತ್ತು. ದಿನಕ್ಕೆ ಅರ್ಧ ಗಂಟೆ ಮಾತ್ರ ಆ ಕರೆಂಟಿನ ಯಂತ್ರ ಹಚ್ಚಬೇಕು ಎಂಬುದು ಸಾಗರದ ಆ ಪ್ರಯೋಗಶಾಲೆಯ ನಿಯಮ.

ಅಲ್ಲಿನ ಮುಖ್ಯಸ್ಥ ಶ್ರೀರಂಗ ಸರ್ ಇಲಿಯನ್ನು ತೂಗಿ ನೋಡಿದರು. "ನಾಲ್ಕು ಗಂಟೆಯೊಳಗೆ ತಿನ್ನದಿದ್ರೆ ಇಂಜೆಕ್ಷನ್ ಕೊಟ್ಟು ಮುಗಿಸ್ಬಿಡೋಣ. ನರಳಿಸೋದು ಬೇಡ. ಎರಡೇ ದಿನಕ್ಕೆ ಹೀಗ್ಯಾಕಾಯ್ತು ಸ್ವಪ್ನಾ?"

ಸ್ವಪ್ನಾ ನೆಲ ನೋಡಿದಳು. ಲೈನ್ ಕೆಲಸ ನಡೆದಿದ್ದರಿಂದ ತಿಂಗಳಿಂದ ಪ್ರತಿ ಶನಿವಾರ ಹನ್ನೊಂದಕ್ಕೆ ಕರೆಂಟು ಹೋಗುತ್ತಿತ್ತು. ಒಮ್ಮೆ ಹೋದರೆ, ಯಂತ್ರ ತಾನಾಗಿ ಹತ್ತುವುದಿಲ್ಲ, ಮತ್ತೆ ಕೈಯಾರೆ ಹಚ್ಚಬೇಕು. ಹೇಗೂ ಈಗ ಹೋಗುತ್ತದಲ್ಲ ಎಂದು ಅವಳು ಸ್ವಿಚ್ ಆರಿಸದೆ ತೀರ್ಥಹಳ್ಳಿ ಬಸ್ಸಿಗೆ ಓಡಿದ್ದಳು. ಆ ಶನಿವಾರ ಕರೆಂಟು ಹೋಗಲೇ ಇಲ್ಲ. ಇವತ್ತು ಸೋಮವಾರ ಬೆಳಗ್ಗೆ ಬಾಗಿಲು ತೆಗೆದಾಗಲೂ ಇಲಿ ಒತ್ತುತ್ತಲೇ ಇತ್ತು.

ಸರ್ ಹೊರಗೆ ಹೋದ ಮೇಲೆ, ಬೋನು ತೊಳೆಯುವ ಹೂವಮ್ಮ ಹತ್ತಿರ ಬಂದಳು. "ಎಂತ ಮಾರಾಯ್ರೆ, ಈ ಪಾಟಿ ಸೊರಗಿದೆ?"

"ನನ್ನಿಂದ್ಲೇ ಹೂವಮ್ಮ. ಸ್ವಿಚ್ ಆರಿಸ್ಲಿಲ್ಲ."

"ಸರ್‌ಗೆ ಹೇಳಿದ್ರಾ?"

"ಬಾಯೇ ಬರ್ಲಿಲ್ಲ."

"ಅದು ಆಮೇಲಾಯ್ತು. ಬಟ್ಟಲು ಅಲ್ಲಿಟ್ಟು ಬಾ ಅಂದ್ರೆ ಬರ್ತದಾ? ನಮ್ಮನೆಯವ್ರು ಮೊಬೈಲ್ ಹಿಡಿದು ಕೂತ್ರೆ ತಟ್ಟೆ ಅವ್ರ ಮೂಗಿನ ಹತ್ರಾನೇ ಹೋಗ್ಬೇಕು. ಇದು ಎಲ್ಲಿ ಒತ್ತುತ್ತೋ ಅಲ್ಲೇ ಕೊಡಿ."

ಹೂವಮ್ಮ ತನ್ನ ಬುತ್ತಿಯ ಅವಲಕ್ಕಿಯನ್ನು ಹಾಲಿನಲ್ಲಿ ನೆನೆಸಿದಳು. ಇಲಿ ಗೋಡೆ ಒತ್ತಿದಾಗಲೆಲ್ಲ ಸ್ವಪ್ನಾ ಬೆರಳ ತುದಿಯಲ್ಲಿ ಒಂದು ಅಗುಳು ಹಿಡಿದಳು. ಮೊದಲ ಹತ್ತಿಪ್ಪತ್ತು ಅಗುಳು ನೆಲಕ್ಕೇ ಬಿದ್ದವು. ಬಗ್ಗಿ ಬಗ್ಗಿ ಅವಳ ಬೆನ್ನು ಸೆಟೆದು ಹೋಯಿತು. ಆಮೇಲೊಮ್ಮೆ ಬೆರಳಿಗೆ ಬೆಚ್ಚನೆಯ ನಾಲಿಗೆ ತಾಕಿತು. ಅವಳು ಉಸಿರು ಬಿಗಿಹಿಡಿದು ಇನ್ನೊಂದು ಹಿಡಿದಳು. ಇನ್ನೊಂದು.

ನಾಲ್ಕಕ್ಕೆ ಸರ್ ಬಂದರು, ಕೈಯಲ್ಲಿ ಇಂಜೆಕ್ಷನ್ನಿನ ಸೀಸೆ. "ತಿಂತಾ?"

"ತಿಂತು ಸರ್." ಬೋನಿನಿಂದ ಕೈ ತೆಗೆಯದೆ, ತಲೆ ಎತ್ತದೆ ಅವಳು ಒಂದೇ ಉಸಿರಿಗೆ ಹೇಳಿದಳು: "ಶನಿವಾರ ಸ್ವಿಚ್ ಆರಿಸದೆ ಹೋದೋಳು ನಾನೇ."

ಸರ್ ಸೀಸೆಯನ್ನು ಜೇಬಿಗೆ ಹಾಕಿಕೊಂಡು ಬೋನಿನತ್ತ ಬಗ್ಗಿದರು. ಸ್ವಪ್ನಾ ಇನ್ನೊಂದು ಅಗುಳು ಹಿಡಿದು ಬೆರಳು ಚಾಚಿದಳು. ಇಲಿ ಅಗುಳನ್ನು ಮೂಸಿ, ಮುಖ ತಿರುಗಿಸಿ, ಗೋಡೆಯನ್ನೂ ಒತ್ತದೆ ಮರದ ಹೊಟ್ಟಿನ ಮೇಲೆ ಮುದುಡಿ ಮಲಗಿತು.

"ಒತ್ತಾಯ ಮಾಡ್ಬೇಡಿ ಸ್ವಪ್ನಮ್ಮಾ," ಹೂವಮ್ಮ ಪಿಸುಗುಟ್ಟಿದಳು, "ಹೊಟ್ಟೆ ತುಂಬಿದೆ. ಸಾಕಂತೆ ಅದಕ್ಕೆ."